ತಣ್ಣನೆಯ ಬದಿಯ ಸುಳ್ಳು

ಶೆಡ್ಡಿನಿಂದ
ಭಾನುವಾರ ಬೆಳಿಗ್ಗೆ

ಹಟಮಾರಿ ಇಂಜಿನಿಯರನಿಗೆ,

ಕ್ಷೇಮ ಕೇಳುವುದಿಲ್ಲ. ನೀನು ಕ್ಷೇಮವಾಗಿದ್ದರೆ ನನಗೆ ಹೊಟ್ಟೆ ಉರಿಯುತ್ತದೆ, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ರಾಜೀನಾಮೆ ಬಿಸಾಡಿ ಬಂದ ಅದೇ ಕಾರು ಕಾರ್ಖಾನೆಯ ಕುರ್ಚಿಗೆ ನೀನು ಮರಳಿ ಹೋಗಿ ಹನ್ನೊಂದು ತಿಂಗಳಾಯಿತು. ಸುಟ್ಟ ಡೀಸೆಲಿನ ಅರ್ಧ ಬಿಸಿ ಹೊಗೆಕೊಳವೆಯಿಂದ ಬೀದಿಪಾಲಾಗುತ್ತೆ, ಅದನ್ನು ಹಿಡಿದು ಕರೆಂಟು ಮಾಡದವನು ಕಳ್ಳ ಅಂತ ನೀನೇ ಹೇಳುತ್ತಿದ್ದೆ. ನಾನು ಮರುಳಾದದ್ದು ಆ ಮಾತಿಗೆ, ನಿನ್ನ ಮೀಸೆಗಲ್ಲ.

ಏಳು ವರ್ಷ ಈ ತಗಡಿನ ಸೂರಿನಡಿ ನಾನೂ ಐವರು ಹೆಂಗಸರೂ ಬಿಸಿಯಿಂದ ಕರೆಂಟು ಹುಟ್ಟಿಸುವ, ಬಿಸ್ಕತ್ತಿನಷ್ಟು ತೆಳ್ಳಗಿನ ಬಿಲ್ಲೆಗಳಿಗೆ ಬೆಸುಗೆ ಹಾಕಿದೆವು. ಒಂದು ಬದಿಗೆ ಹೊಗೆಯ ಬಿಸಿ, ಇನ್ನೊಂದು ಬದಿಗೆ ನೀರಿನ ತಂಪು. ಅಂತರ ಹೆಚ್ಚಿದಷ್ಟೂ ಕರೆಂಟು ಹೆಚ್ಚು. ಪತ್ರಿಕೆಯವರು ನಿನ್ನ ಫೋಟೋ ಹಿಡಿದರು, ನಮ್ಮ ಸುಟ್ಟ ಬೆರಳುಗಳದ್ದಲ್ಲ. ಅದಕ್ಕೆ ನಾನು ವಾರವಿಡೀ ಜಗಳವಾಡಿದೆ. ನ್ಯಾಯ ಮಾತಾಡುವ ಈ ಬಾಯಿ ಒಂದು ವಿಷಯಕ್ಕೆ ಮಾತ್ರ ಹೊಲಿದುಕೊಂಡಿತ್ತು.

ನಮ್ಮ ಬಿಲ್ಲೆ ನೋಡಲು ಬಸ್ ಕಂಪನಿಯವರು ಬರುವ ಹಿಂದಿನ ದಿನ ಕರೆಂಟಿನ ಅಂಕಿ ನಿನ್ನ ಲೆಕ್ಕವನ್ನೂ ಮೀರಿ ಏರಿತಲ್ಲ? ನೀನು ಐವರಲ್ಲಿ ದೊಡ್ಡವಳಾದ ಹಿರಿಯಕ್ಕನ ಕೈ ಹಿಡಿದು ಕುಣಿದೆ. ಅವಳು, ಬಿಡಪ್ಪಾ, ಕೈಲಿ ಕಾದ ಕಡ್ಡಿ ಇದೆ, ಆಮೇಲೆ ನಿಂಗೇ ಬೆಸುಗೆ ಬೀಳುತ್ತೆ ಅಂದಳು.

ಆ ದಿನ, ಬಿಲ್ಲೆ ತಣಿಸುವ ನೀರಿನ ತೊಟ್ಟಿಗೆ ಎರಡು ಬಕೆಟ್ ಐಸ್ ಸುರಿದವಳು ನಾನು. ಥರ್ಮಾಮೀಟರ್ ಓದುವುದು ನನ್ನ ಕೆಲಸ. ಐಸಿಲ್ಲದ ನೀರಿನ ಎಂದಿನ ಅಂಕಿಯನ್ನೇ ಬರೆದೆ. ಮೂವತ್ತೆಂಟು ಸಲ ಬಿಲ್ಲೆ ಬಿರುಕುಬಿಟ್ಟು ಸೋತ ನಿನ್ನ ಮುಖ ನೋಡಲಾಗಲಿಲ್ಲ. ಒಂದು ದಿನ ನಗಲಿ, ನಾಳೆ ಹೇಳೋಣ ಎಂದುಕೊಂಡೆ. ಬೆಳಗಾಗುವಷ್ಟರಲ್ಲಿ ನೀನು ಲೆಕ್ಕ ತಿದ್ದಿ, ಅಚ್ಚು ಹಾಕಿಸಿದ್ದೆ; ಬಸ್ಸಿನವರು ಬಂದೊಡನೆ ಅವರ ಕೈಗಿಟ್ಟೆ.

ಬಿಲ್ಲೆ ಕೂರಿಸಿದ ಬಸ್ಸು ರಸ್ತೆಗಿಳಿದಾಗ, ಐಸಿಲ್ಲದ ನೀರಿನಲ್ಲಿ ಅಂಕಿ ಬಿತ್ತು. ಅವರು ನಿನ್ನನ್ನು ಸುಳ್ಳುಗಾರ ಅಂದರು. ನೀನು, ನನ್ನ ತಲೆಯೇ ದಂಡ ಎಂದು ನೋಟ್‌ಬುಕ್ ಹರಿದು, ಶೆಡ್ಡಿಗೆ ಬೀಗ ಹಾಕಿ ಹೊರಟೆ. ನಾನು ಬಾಗಿಲಲ್ಲಿ ನಿಂತು, ಹೋಗು ಹೇಡಿ ಅಂದೆ. ಹೇಡಿ ಯಾರೆಂದು ನನಗಾಗಲೇ ಗೊತ್ತಿತ್ತು.

ನಿನ್ನ ಮೊದಲ ಲೆಕ್ಕವೇ ಸರಿ. ಐವರಿಗೂ ನಿಜ ಹೇಳಿದೆ. ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಹಿರಿಯಕ್ಕ, ನಮ್ಮ ಕೆಲಸ ತಿಂದೆ, ಅದಿರಲಿ, ಅವನ ನಂಬಿಕೆ ತಿಂದೆಯಲ್ಲೇ, ಅದನ್ನ ಯಾರು ಕಕ್ಕಬೇಕು ಅಂದಳು. ಕಕ್ಕುತ್ತಿದ್ದೇನೆ.

ಶೆಡ್ಡು ಮತ್ತೆ ತೆರೆದಿದ್ದೇವೆ. ಬರುವ ಬುಧವಾರ ಬಸ್ಸಿಗೆ ಬಿಲ್ಲೆ ಕೂರಿಸಿ ಅಳೆಯಬೇಕು, ಬರಿಯ ನಲ್ಲಿ ನೀರಿನಲ್ಲಿ. ನೀನಿಲ್ಲದೆ ಆಗುವುದಿಲ್ಲ. ಬಾ. ಬೈಯುವುದಿದ್ದರೆ ಎದುರಿಗೇ ಬೈ. ಮನೆಯಲ್ಲಿ ನನಗೆ ಎದುರು ಮಾತಾಡುವವರಿಲ್ಲ. ಊಟದ ಮೇಜಿನ ಮೇಲೆ ನೀನು ಪೆನ್ಸಿಲಿನಲ್ಲಿ ಗೀಚಿದ್ದನ್ನು ಒರೆಸಿಲ್ಲ. ಅದು ಅಳಿಯದಂತೆ ತಟ್ಟೆ ಸರಿಸಿಕೊಂಡು ಉಣ್ಣುತ್ತೇನೆ.

ನಿನ್ನ
ಬೆಂಕಿಪೊಟ್ಟಣ

ತಾ.ಕ.: ಮೇಲೆ ಬರೆದುದರಲ್ಲೂ ಒಂದು ಸುಳ್ಳಿದೆ. ಆ ಪರೀಕ್ಷೆ ಹೋದ ಬುಧವಾರವೇ ಮುಗಿಯಿತು. ನಾವು ಆರು ಜನವೇ ಮಾಡಿದೆವು. ಅಂಕಿ ಚಿಕ್ಕದು, ನೀನು ಮೊದಲು ಹೇಳಿದಷ್ಟೇ. ಬಸ್ಸಿನವರು ಒಪ್ಪಿದರು. ಕೆಲಸಕ್ಕೆ ನೀನು ಬೇಕಾಗಿಲ್ಲ. ನನಗೆ ಬೇಕು.