ಲಕ್ಕವಳ್ಳಿಯಲ್ಲಿ ಕರೆಂಟು ಹೋದ ಸಂಜೆ

ತರೀಕೆರೆ
೧೬ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ವಾಣಿ,

ನಿನ್ನ ಕಾಗದ ದೀಪಾವಳಿ ಹೊತ್ತಿಗೇ ಬಂದಿತ್ತು. ಉತ್ತರ ಬರೆಯೋಕೆ ಶಿವರಾತ್ರಿ ಹತ್ತಿರ ಬಂತು. ಬಯ್ಕೋ, ತಡೆಯಲ್ಲ. ನಮ್ಮ ಕನ್ನಡಕದ ಅಂಗಡಿಗೆ ಬರೋರೆಲ್ಲ ‘ಅಕ್ಷರ ಕಾಣ್ತಿಲ್ಲ, ಅಕ್ಷರ ಕಾಣ್ತಿಲ್ಲ’ ಅಂತಿರ್ತಾರೆ. ಅವರ ಮಧ್ಯೆ ಕೂತು ನನಗೂ ಅಕ್ಷರ ಮರೆತುಹೋಗಿದೆ ಅಂತ ಒಂದು ಸುಳ್ಳು ಹೇಳೋಣ ಅಂದುಕೊಂಡಿದ್ದೆ. ನೀನು ನಂಬಲ್ಲ, ಬಿಡು. ‘ಫೋನ್ ಮಾಡಬಾರದಾ’ ಅಂತ ರವಿ ಕೇಳ್ತಾರೆ. ಫೋನಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ನಗಿಸೋಕೆ ಶುರುಮಾಡ್ತೀವಿ, ಹೇಳಬೇಕಾದ್ದು ಹಾಗೇ ಉಳಿದುಹೋಗ್ತದೆ ಅಂತ ಗಂಡನಿಗೆ ಹೇಗೆ ಅರ್ಥಮಾಡಿಸೋದು?

ನಿನ್ನ ಮೊಣಕಾಲು ಹೇಗಿದೆ? ಹುಬ್ಬಳ್ಳಿಯ ಮನೆಯ ಮೆಟ್ಟಿಲು ಹತ್ತೋಕೆ ಆಗ್ತಿದೆಯಾ? ನಿಮ್ಮತ್ತೆ ಈಗಲೂ ನಿನ್ನ ಕನ್ನಡ ತಿದ್ದುತ್ತಾರಾ?

ಈಗ ಸುದ್ದಿ ಹೇಳ್ತೀನಿ, ಕೂತ್ಕೊಂಡು ಓದು. ನಮ್ಮ ‘ಖಾರಾ ಮಂಡಕ್ಕಿ’ ಕಾಮಿಡಿ ತಂಡ ಹೋದ ತಿಂಗಳು ಮತ್ತೆ ಸೇರಿತು ಕಣೇ, ಕಡೂರಿನಲ್ಲಿ! ನೀನೊಬ್ಬಳು ಇರಲಿಲ್ಲ. ಸುರೇಶ್ ತನ್ನ ಹುಟ್ಟಿದೂರಲ್ಲಿ ಇಷ್ಟು ವರ್ಷಕ್ಕೆ ಮೊದಲ ಸಲ ಶೋ ಇಟ್ಟಿದ್ದ. ಸಂಜೆ ಕಲ್ಯಾಣಮಂಟಪದಲ್ಲಿ ಶೋ, ಬೆಳಿಗ್ಗೆ ಅವನ ಅಣ್ಣನ ಮನೆ ಮಹಡಿ ಮೇಲೆ ಪಾಡ್‌ಕಾಸ್ಟ್. ಹಳೇ ಸ್ನೇಹಿತರು ಕೂತು ಹಳೇ ಕಥೆ ಹೇಳೋದು, ಅದನ್ನ ಅವನ ಹುಡುಗರು ರೆಕಾರ್ಡ್ ಮಾಡಿ ಅವನ ಚಾನೆಲ್‌ಗೆ ಹಾಕೋದು. ‘ಕೋಮಲಾ, ನೀನು ಬರದಿದ್ರೆ ನಡೆಯಲ್ಲ’ ಅಂತ ಅವನೇ ಫೋನ್ ಮಾಡಿದ್ದ. ಹಬ್ಬಕ್ಕೆ ತೆಗೆದಿಟ್ಟಿದ್ದ ಹಸಿರು ಸೀರೆ ಉಟ್ಟು, ಬೀರೂರಿನ ಮೇಲೆ ಹೋಗೋ ಬಸ್ ಹತ್ತಿದೆ. ದಾರಿಯುದ್ದಕ್ಕೂ ಕಿಟಕಿ ಕಡೆ ತಿರುಗಿ ಒಬ್ಬಳೇ ಗೊಣಗಿಕೊಂಡೆ. ಅಕಸ್ಮಾತ್ ಸಂಜೆ ಸ್ಟೇಜಿಗೆ ಕರೆದರೆ ಇರಲಿ ಅಂತ ಅಂಗಡಿಯ ಗಿರಾಕಿಗಳ ಮೇಲೆ ಒಂದಿಷ್ಟು ಜೋಕು ಜೋಡಿಸಿಟ್ಟಿದ್ದೆ. ಪಕ್ಕದ ಅಜ್ಜಿ ‘ಏನಮ್ಮಾ, ಮಂತ್ರನಾ?’ ಅಂದಳು. ‘ಹೂಂ ಅಜ್ಜಿ’ ಅಂದೆ.

ಕಾಂತರಾಜು ಅಜ್ಜಂಪುರದಿಂದ ಬೈಕಲ್ಲಿ ಬಂದಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ. ಟಿವಿಯ ಕಾಮಿಡಿ ಧಾರಾವಾಹಿಗಳಿಗೆ ಬರೆದು ಬರೆದು, ಕೊರೊನಾ ಹೊತ್ತಲ್ಲಿ ಕೆಂಗೇರಿ ಮನೆ ಖಾಲಿಮಾಡಿ ಊರಿಗೆ ಬಂದವನು ವಾಪಸ್ ಹೋಗಲೇ ಇಲ್ಲ. ಈಗ ಮೈಕು, ಶಾಮಿಯಾನ ಬಾಡಿಗೆಗೆ ಕೊಡ್ತಾನೆ. ಮದುವೆ ಮನೇಲಿ ಮೈಕ್ ಟೆಸ್ಟ್ ಮಾಡೋ ನೆಪದಲ್ಲಿ ಕಾರ್ಯಕ್ರಮವನ್ನೂ ಕೊಟ್ಟುಬಿಡ್ತಾನಂತೆ. ‘ಬೆಂಗಳೂರಲ್ಲಿ ಜೋಕು ಹೇಳಿ ಅದರ ಅರ್ಥಾನೂ ಹೇಳ್ಬೇಕಿತ್ತು. ಅಜ್ಜಂಪುರದಲ್ಲಿ ಮುಂದಿನ ಸಾಲಲ್ಲಿ ಕೂತ ಯಜಮಾನರು ನನ್ನ ಜೋಕನ್ನ ನನಗಿಂತ ಮುಂಚೆ ಹೇಳಿ ಮುಗಿಸ್ತಾರೆ’ ಅಂದ. ನಗ್ತಾ ನಗ್ತಾ ನನ್ನ ಕಾಫಿ ಸೀರೆ ಮೇಲೆ ಚೆಲ್ಲಿತು.

ಸುರೇಶನ ಕಾರು ನೋಡೋಕೆ ಬೀದಿಯೋರೆಲ್ಲ ಬಂದಿದ್ರು. ಮನುಷ್ಯ ಏನೂ ಬದಲಾಗಿಲ್ಲ ಕಣೇ. ಬಂದೋನೇ ‘ಲೇ ಕೋಮಲಾ’ ಅಂತ ಬೀದಿಯಲ್ಲೇ ಕೂಗಿದ. ಆಮೇಲೆ ನಾಲಿಗೆ ಕಚ್ಚಿಕೊಂಡು ‘ಕೋಮಲಾ ಮೇಡಂ’ ಅಂದ. ವೈಟ್‌ಫೀಲ್ಡಿನ ಒಂದು ಕಂಪನೀಲಿ ಶೋಗೆ ಮುಂಚೆ ಒಬ್ಬರು ಬಂದು, ಕಂಪನಿ ಬಗ್ಗೆ ಬೇಡ, ಮ್ಯಾನೇಜರ್ ಬಗ್ಗೆ ಬೇಡ, ಊಟದ ಬಗ್ಗೆ ಬೇಡ, ಟ್ರಾಫಿಕ್ ಬಗ್ಗೆ ಬೇಡ, ಹೆಂಡತಿ ಬಗ್ಗೆ ಬೇಡವೇ ಬೇಡ ಅಂದ್ರಂತೆ. ‘ಮತ್ತೇನ್ ಹೇಳ್ಲಿ ಸಾರ್?’ ಅಂದ್ರೆ, ‘ಜನರಲ್ಲಾಗಿ ನಗಿಸಿಬಿಡಿ’ ಅಂದ್ರಂತೆ. ಅದನ್ನ ಅವನು ಹೇಳೋ ರೀತಿ ನಿನಗೆ ಗೊತ್ತಲ್ಲ, ಬರೆದರೆ ಬರಲ್ಲ.

ಆಮೇಲೆ ಹಳೇದು ಶುರುವಾಯ್ತು. ಗಾಂಧಿಬಜಾರಿನ ಕಾಫಿ ಅಂಗಡಿ ಮಹಡಿ, ಒಂದೇ ಮೈಕು, ಅದನ್ನ ಹಿಡಿದು ನಾವು ನಾಲ್ವರೂ ನಡುಗಿದ್ದು. ಸ್ಟ್ಯಾಂಡಪ್ ಅನ್ನೋ ಹೆಸರು ಆಗ ನಮಗೇ ಹೊಸದು. ಮೊದಲ ಶೋಗೆ ಬಂದ ಜನರಿಗಿಂತ ಕುರ್ಚಿ ಒರೆಸೋಕೆ ಬಂದೋರೇ ಜಾಸ್ತಿ. ಮೂಲೆಯಲ್ಲಿ ಒಂದು ಜೋಡಿ ಕೂತಿತ್ತಲ್ಲ, ಬಿಟ್ಟುಹೋಗೋ ಮಾತಾಡೋಕೆ ಬಂದೋರು? ಆ ಹುಡುಗಿ ಅಳ್ತಿದ್ದೋಳು ನಿನ್ನ ಅತ್ತೆ-ಸೊಸೆ ಜಗಳದ ಐಟಂ ಕೇಳಿ ನಕ್ಕುಬಿಟ್ಟಳು. ಇಬ್ಬರೂ ಕೈ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು. ‘ನಾವು ಮಾಡಿದ ಒಂದೇ ಸಮಾಜಸೇವೆ ಅದು. ಆಮೇಲೆ ಅವರು ಮದುವೆ ಆಗಿದ್ರೆ ಅದೂ ಅಲ್ಲ’ ಅಂದ ಕಾಂತರಾಜು.

ನಾನು ನಮ್ಮ ಮತ್ತೀಕೆರೆ ರೂಮಿನ ಕಥೆ ಹೇಳಿದೆ. ಕೆಳಗಿನ ಮನೆ ಓನರ್ ಸೀತಾದೇವಮ್ಮ ನೆನಪಿದಾರಾ? ಅದೇ ಅತ್ತೆ-ಸೊಸೆ ಜಗಳವನ್ನ ನಾವಿಬ್ಬರೂ ಜೋರಾಗಿ ಪ್ರಾಕ್ಟೀಸ್ ಮಾಡ್ತಿದ್ರೆ, ನಿಜವಾಗಲೂ ಹೊಡೆದಾಡ್ತಿದಾರೆ ಅಂದುಕೊಂಡು ಉಪ್ಪಿಟ್ಟಿನ ಪಾತ್ರೆ ಹಿಡಿದು ಓಡಿಬಂದಿದ್ರು. ‘ಹಸಿವಾದಾಗ ಕೋಪ ಜಾಸ್ತಿ ಕಣ್ರಮ್ಮ, ಮೊದಲು ತಿನ್ನಿ, ಆಮೇಲೆ ಬೇಕಾದ್ರೆ ಬೇರೆ ರೂಮು ನೋಡ್ಕೊಳ್ಳಿ.’ ನಾವು ಅದು ನಾಟಕ ಅಂತ ಹೇಳದೆ ತಿಂದ್ವಿ. ಮಾರನೇ ದಿನದಿಂದ ಹಸಿವಾದಾಗಲೆಲ್ಲ ಪ್ರಾಕ್ಟೀಸ್ ಮಾಡಿದ್ವಿ! ಇದನ್ನ ಹೇಳುವಾಗ ರೆಕಾರ್ಡ್ ಮಾಡೋ ಹುಡುಗರೂ ನಕ್ಕರು. ಕ್ಯಾಮೆರಾ ಹಿಂದಿನೋರು ನಕ್ಕರೆ ಅದೇ ನಿಜವಾದ ನಗು ಅಂತ ನೀನೇ ಹೇಳ್ತಿದ್ದೆ. ನನಗೆ ರೆಕ್ಕೆ ಬಂದಂಗಾಯ್ತು.

ಸಂಜೆ ಮಂಟಪ ಕಿಕ್ಕಿರಿದಿತ್ತು. ಬಾಗಿಲಲ್ಲೂ ಜನ. ಸುರೇಶ್ ತನ್ನ ಲೈನ್‌ಮನ್ ಕಲ್ಲೇಶಪ್ಪನ ಪಾತ್ರ ಶುರುಮಾಡ್ತಿದ್ದಂಗೇ ಶಿಳ್ಳೆ, ಚಪ್ಪಾಳೆ. ಪಕ್ಕದಲ್ಲಿ ಕೂತ ಹೆಂಗಸು ನಗ್ತಾ ನನ್ನ ತೊಡೆಗೇ ಹೊಡೆದಳು. ಮಧ್ಯದಲ್ಲಿ ಸುರೇಶ್ ನಿಲ್ಲಿಸಿ, ‘ನಮ್ಮ ಹಳೇ ಟೀಮಿನ ಕೋಮಲಾ ಇಲ್ಲೇ ಇದಾರೆ’ ಅಂದ. ನಾನು ಸೆರಗು ಸರಿಮಾಡಿಕೊಂಡೆ. ‘ನಾವು ಉಪವಾಸ ಬಿದ್ದಾಗ ಇವರ ಚಿತ್ರಾನ್ನ ಇಲ್ಲದಿದ್ರೆ ಇವತ್ತು ನಾನಿಲ್ಲ. ಒಂದು ಚಪ್ಪಾಳೆ ಬರಲಿ’ ಅಂದ. ಚಪ್ಪಾಳೆ ಬಂತು, ತುಂಬಾ ಜೋರಾಗಿ. ನಾನು ಎದ್ದು ನಿಂತು ಕೈಮುಗಿದು ಕೂತೆ. ಅವನು ಮುಂದಿನ ಜೋಕಿಗೆ ಹೋದ.

ನನ್ನ ಚಿತ್ರಾನ್ನ ಅಷ್ಟು ಚೆನ್ನಾಗಿತ್ತಾ ವಾಣಿ? ಉಪ್ಪು ಜಾಸ್ತಿ ಅಂತ ನೀನೇ ಬಯ್ತಿದ್ದೆ.

ಶೋ ಮುಗಿದ ಮೇಲೆ ಕಾಂತರಾಜು ನನ್ನನ್ನ ಬಸ್ ಸ್ಟ್ಯಾಂಡಿಗೆ ಬಿಟ್ಟ. ‘ಮುಂದಿನ ಸಲ ವಾಣೀನೂ ಎಳ್ಕೊಂಡ್ ಬರ್ಬೇಕು ಕಣೇ. ನಾವ್ ನಾಲ್ಕೂ ಜನ ನಮ್ಮೂರಲ್ಲಿ ಒಂದು ಶೋ ಮಾಡೋಣ. ಮೈಕು ನಂದೇ ಐತೆ, ಶಾಮಿಯಾನಾನೂ ನಂದೇ’ ಅಂದ. ಬಸ್ ಹೊರಟರೂ ಕೈ ಬೀಸ್ತಾ ನಿಂತಿದ್ದ. ಒಳ್ಳೆ ಮನುಷ್ಯ.

ಮನೇಲಿ ಎಲ್ಲರೂ ಚೆನ್ನಾಗಿದೀವಿ. ದೀಪಶ್ರೀ ಏಳನೇ ಕ್ಲಾಸು, ನನಗಿಂತ ಎತ್ತರ ಆಗೋ ಅವಸರದಲ್ಲಿದಾಳೆ. ರವಿ ನಿನ್ನನ್ನ ಕೇಳಿದ್ರು. ನಿನ್ನ ಮಗ ಸ್ಕಂದನಿಗೆ ಪರೀಕ್ಷೆ ಹತ್ತಿರ ಬಂತಲ್ಲ, ಅವನ ತಲೆ ಮೇಲೆ ನನ್ನ ಕೈ ಇಟ್ಟಂಗೆ ನೀನೇ ಇಟ್ಟು, ಧೈರ್ಯವಾಗಿ ಬರಿ ಮಗನೇ ಅಂತ ಹೇಳು. ನಿಮ್ಮತ್ತೆಗೆ ನನ್ನ ನಮಸ್ಕಾರ. ನಿನ್ನ ಮೊಣಕಾಲಿಗೆ ಬೇಗ ಬುದ್ಧಿ ಬರಲಿ. ನೀವೆಲ್ಲ ಹೊಟ್ಟೆತುಂಬ ಉಂಡು, ಹೊಟ್ಟೆ ಹುಣ್ಣಾಗುವಷ್ಟು ನಗ್ತಾ ಇರಿ.

ನಿನ್ನ
ಕೋಮಲಾ

ಮರೆತಿದ್ದು: ಮರೆತಿದ್ದಲ್ಲ, ಬರೀಬಾರದು ಅಂತ ಬಿಟ್ಟಿದ್ದು. ಕವರ್ ಅಂಟಿಸಿ ಮತ್ತೆ ಬಿಚ್ಚಿದೀನಿ.

ಆ ಬೆಳಿಗ್ಗೆ ಮಹಡಿ ಮೇಲೆ ಕಾಂತರಾಜು ಲಕ್ಕವಳ್ಳಿ ಕಥೆಯನ್ನೂ ಹೇಳಿದ. ಡ್ಯಾಮಿನ ನೌಕರರ ಸಂಘದವರು ಕರೆದಿದ್ದ ಕಾರ್ಯಕ್ರಮ. ಗಾಳಿ ಮಳೆಗೆ ಕರೆಂಟು ಹೋಗಿ ಸಭಾಂಗಣ ಪೂರ್ತಿ ಕತ್ತಲೆ, ಮೈಕಿಲ್ಲ, ಮಕ್ಕಳು ಅಳ್ತಿದಾರೆ, ಜನ ಎದ್ದು ಹೊರಡ್ತಿದಾರೆ. ಯಾರೋ ‘ಕರೆಂಟ್ ಯಾವಾಗ್ ಬತ್ತದೆ?’ ಅಂತ ಕೂಗಿದ್ರು. ಆಗ ಸ್ಟೇಜಿಂದ ಒಬ್ಬ ಲೈನ್‌ಮನ್ ಮಾತಾಡಿದ: ‘ಏನಪ್ಪಾ, ಕರೆಂಟೇನು ನಮ್ಮ ಮಾವನ ಮನೆ ನೆಂಟನಾ, ಹೇಳಿ ಬರೋಕೆ? ಕಂಬ ಹತ್ತೋನು ನಾನೊಬ್ಬ, ಕೆಳಗಿಂದ ಬುದ್ಧಿ ಹೇಳೋರು ಊರೆಲ್ಲ. ಒಂದ್ ಕೆಲ್ಸ ಮಾಡಿ. ನೀವೆಲ್ಲ ಕಂಬ ಹತ್ತಿ, ನಾನೊಬ್ಬನೇ ಕೆಳಗೆ ನಿಂತು ಹೇಳ್ತೀನಿ.’ ಹೊರಟ ಜನ ಕೂತರು. ಕರೆಂಟು ಬರೋತನಕ ಆ ಲೈನ್‌ಮನ್ ಮಾತಾಡ್ತಾನೇ ಇದ್ದ.

‘ಅವತ್ತು ಸುರೇಶ್ ಕತ್ತಲಲ್ಲಿ ಹುಟ್ಟಿಸಿದ ಲೈನ್‌ಮನ್ನೇ ಇವತ್ತಿನ ಕಲ್ಲೇಶಪ್ಪ’ ಅಂದ ಕಾಂತರಾಜು. ಅವನು ಸುಳ್ಳು ಹೇಳಲಿಲ್ಲ ವಾಣಿ, ಹಾಗೇ ನಂಬಿದಾನೆ. ಕತ್ತಲು, ಗಂಡಸಿನ ಧ್ವನಿ, ಅವನಿದ್ದಿದ್ದು ಹಿಂದಿನ ಬಾಗಿಲ ಹತ್ತಿರ. ನಾನು ‘ಇಲ್ಲ ಕಣೋ, ಅವತ್ತು ನಾನು...’ ಅಂತ ಬಾಯಿ ತೆಗೆದೆ. ‘ಹೌದ್ಹೌದು, ನೀನು ಟಾರ್ಚ್ ಹಿಡ್ಕೊಂಡಿದ್ದೆ’ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟು ಜನ ನಗುವಾಗ ಒಬ್ಬಳು ನಿಜ ಹೇಳಿದರೆ ಆ ಕೋಣೆ ಏನಾಗ್ತದೆ ಅಂತ ನಮಗೆ ಗೊತ್ತಲ್ಲ.

ಸುರೇಶ್ ಕದ್ದ ಅಂತ ನಾನು ಹೇಳಲ್ಲ. ಲಕ್ಕವಳ್ಳಿ ಶೋ ಆದ ಮುಂದಿನ ವಾರವೇ ನನ್ನ ನೋಡೋಕೆ ಗಂಡಿನ ಕಡೆಯೋರು ಬರ್ತಾರೆ ಅಂತ ಊರಿಗೆ ಹೊರಟೆ. ‘ಆ ಲೈನ್‌ಮನ್ನ ಈ ಸಲ ನಾನು ಹೇಳ್ಲಾ?’ ಅಂತ ಸುರೇಶ್ ಕೇಳಿದ. ‘ಹೇಳೋ, ಅದಕ್ಕೇನು’ ಅಂದೆ. ನನ್ನ ಮದುವೆ ಆಯ್ತು, ನಾನು ಇಲ್ಲೇ ಉಳಿದೆ, ಲೈನ್‌ಮನ್ ಅವನ ಹತ್ತಿರ ಉಳಿದ. ಕಡೂರಲ್ಲಿ ಸುರೇಶ್ ಶೋಗೆ ಮುಂಚೆ ನನ್ನನ್ನ ಪಕ್ಕಕ್ಕೆ ಕರೆದು, ‘ಕೋಮಲಾ, ಅವತ್ತು ಮಾತಾಡಿದ್ದು ನಾನೇನಾ? ನಂಗೂ ಸರಿಯಾಗಿ ನೆನಪಿಲ್ಲ ಕಣೇ’ ಅಂದ. ಅವನ ಮುಖ ನೋಡಿದೆ. ಇನ್ನೇನು ಸ್ಟೇಜ್ ಹತ್ತಬೇಕಾದ ಮನುಷ್ಯ. ‘ನೀನೇ ಕಣೋ’ ಅಂದುಬಿಟ್ಟೆ.

ಅದು ನಮ್ಮಪ್ಪ, ವಾಣಿ. ಆ ಮಾತು, ಆ ಗೊಣಗಾಟ, ಮಾತಿನ ಮಧ್ಯೆ ಆ ಕೆಮ್ಮು, ಎಲ್ಲ ಲೈನ್‌ಮನ್ ರೇವಣಪ್ಪಂದೇ, ಅವತ್ತು ನನ್ನ ಬಾಯಲ್ಲಿ ಬಂತು. ನಾನು ಬೆಂಗಳೂರಲ್ಲಿ ಸ್ಟೇಜ್ ಹತ್ತೋದು ಅಪ್ಪನಿಗೆ ಇಷ್ಟವೇ ಇರಲಿಲ್ಲ, ನಿನಗೆ ಗೊತ್ತು. ಕೊನೆಗಾಲದಲ್ಲಿ ನಮ್ಮ ಮನೇಲೇ ಇದ್ರು. ದೀಪಶ್ರೀ ಫೋನಲ್ಲಿ ಕಲ್ಲೇಶಪ್ಪನ ವಿಡಿಯೋ ಹಾಕಿಕೊಟ್ಟರೆ ಕಣ್ಣಲ್ಲಿ ನೀರು ಬರೋತನಕ ನಗೋರು. ‘ಎಷ್ಟ್ ಸರಿಯಾಗಿ ಹಿಡಿದವ್ನೆ ನೋಡಮ್ಮ. ಈ ಹುಡ್ಗನ ಅಪ್ಪ ನಮ್ ಇಲಾಖೇಲೇ ಇದ್ದಿರ್ಬೇಕು. ಅಪ್ಪನ ಮೇಲೆ ಎಷ್ಟ್ ಪ್ರೀತಿ ಇದ್ರೆ ಹಿಂಗೆ ಬತ್ತದೆ ಹೇಳು’ ಅನ್ನೋರು. ‘ಇರಬಹುದಪ್ಪ’ ಅಂತ ನಾನು ಅಡುಗೆಮನೆಗೆ ಹೋಗ್ತಿದ್ದೆ. ನಾಳೆ ಹೇಳೋಣ, ನಾಳೆ ಹೇಳೋಣ ಅಂತಲೇ ಅಪ್ಪ ಹೋಗಿಬಿಟ್ರು.

ಆ ಪಾಡ್‌ಕಾಸ್ಟ್ ಮೊನ್ನೆ ಬಂತು. ಸೀತಾದೇವಮ್ಮನ ಉಪ್ಪಿಟ್ಟಿನ ಕಥೆ ಅದರಲ್ಲಿಲ್ಲ, ಕತ್ತರಿಸಿದಾರೆ. ಲಕ್ಕವಳ್ಳಿದು ಪೂರ್ತಿ ಇದೆ. ದೀಪಶ್ರೀ ನೋಡಿ ಮುಗಿಸಿ ನನ್ನ ಹತ್ತಿರ ಬಂದಳು. ‘ಅಮ್ಮಾ, ನೀನು ಟಾರ್ಚ್ ಹಿಡ್ಕೊಳ್ಳೋಕೆ ಬೆಂಗಳೂರಿಗೆ ಹೋಗಿದ್ಯಾ?’ ಅಂದಳು. ತಮಾಷೆ ಮಾಡಲಿಲ್ಲ ಕಣೇ, ನಿಜವಾಗಲೂ ಕೇಳಿದಳು. ‘ಹೂಂ, ಚಿತ್ರಾನ್ನಾನೂ ಮಾಡ್ತಿದ್ದೆ’ ಅಂದೆ. ಅವಳು ನಗಲಿಲ್ಲ.

ಅವತ್ತು ನೀನು ನನ್ನ ಪಕ್ಕದಲ್ಲೇ ಇದ್ದೆ. ಕತ್ತಲಂದ್ರೆ ಹೆದರಿಕೆ ಅಂತ ನನ್ನ ದುಪಟ್ಟಾ ಹಿಡ್ಕೊಂಡೇ ನಿಂತಿದ್ದೆ. ಅದು ನಾನೇ ಅಂತ ಈಗ ಗೊತ್ತಿರೋಳು ನೀನೊಬ್ಬಳೇ. ನನಗೆ ಉತ್ತರ ಬರೀಬೇಡ. ಸುರೇಶನಿಗೂ ಏನೂ ಹೇಳಬೇಡ. ದೀಪಶ್ರೀಗೆ ಒಂದು ಕಾಗದ ಬರಿ, ಕವರ್ ಮೇಲೆ ಅವಳ ಹೆಸರೇ ಇರಲಿ. ಅವಳ ತಾತ ಹೇಗೆ ಮಾತಾಡ್ತಿದ್ರು ಅಂತ ಅವಳಿಗೆ ಗೊತ್ತು. ಅವಳ ಅಮ್ಮ ಹೇಗೆ ಮಾತಾಡ್ತಿದ್ಲು ಅಂತ ಗೊತ್ತಿಲ್ಲ.