ಒಡಪಿಗೊಂದು ಉಸಿರು

ನವೆಂಬರ್ 18, ಸೋಮವಾರ

ಇವತ್ತು ಆರೋಗ್ಯ ಕೇಂದ್ರದ ಭೇಟಿ, ಎಂಟು ಮನೆ. ಬಿಪಿ ಮಷೀನಿನ ಸೆಲ್ ಮೂರನೇ ಮನೆಯಲ್ಲೇ ಸತ್ತಿತು. ಗೆಟ್ಟವಾಡಿಯ ಅಂಗಡಿಯಲ್ಲಿ ಬಿಸ್ಕತ್ತಿದೆ, ಬೀಡಿಯಿದೆ, ಸೆಲ್ ಇಲ್ಲ. ಉಳಿದವರ ನಾಡಿ ಹಿಡಿದು ಮಾತಾಡಿಸಿ ಬಂದೆ.

ಕೊನೆಯ ಮನೆ ಚಿಕ್ಕಬಸಪ್ಪನವರದು. ಎಪ್ಪತ್ತೆರಡು ವರ್ಷ. ದಮ್ಮಿನ ಕಾಯಿಲೆ. ಶನಿವಾರವಷ್ಟೇ ಆಸ್ಪತ್ರೆಯಿಂದ ಬಂದಿದ್ದಾರೆ, ಮೂರು ದಿನ ಆಕ್ಸಿಜನ್‌ನಲ್ಲಿದ್ದು. ಈ ವರ್ಷ ಇದು ಎರಡನೇ ಸಲ. ಜುಲೈನಿಂದ ಎರಡು ಇನ್‌ಹೇಲರ್ ಕೊಟ್ಟಿದ್ದೇವೆ. ಕಂದು ಬಣ್ಣದ್ದು ದಿನಾ ಬೆಳಿಗ್ಗೆ ಸಂಜೆ, ನೀಲಿ ಬಣ್ಣದ್ದು ಉಸಿರು ಕಟ್ಟಿದಾಗ. ಊರವರ ಬಾಯಲ್ಲಿ ಎರಡೂ ‘ಪಂಪು’.

“ಪಂಪು ತಗೋತಿದೀರಾ ಅಯ್ಯ?”

“ತಗತಾವ್ನಿ ಕಣವ್ವ.”

ರಿಜಿಸ್ಟರಿನಲ್ಲಿ ಟಿಕ್ ಹಾಕಿದೆ. ಮತ್ತೆ ಯಾಕೆ ಕಡಿಮೆಯಾಗುತ್ತಿಲ್ಲ? ಗೊತ್ತಾಗುತ್ತಿಲ್ಲ.

ಈ ಮನುಷ್ಯ ವೀರಗಾಸೆಯಲ್ಲಿ ಒಡಪು ಹೇಳುತ್ತಿದ್ದವರು. ಕೆಂಪು ವೇಷ, ಕೈಯಲ್ಲಿ ಕತ್ತಿ, ವೀರಭದ್ರನ ಹೊಗಳಿಕೆ. ಇಡೀ ಒಡಪು ಒಂದೇ ಉಸಿರಿಗೆ. ಚಿಕ್ಕವಳಿದ್ದಾಗ ನಮ್ಮೂರು ತಾಳಮಲೆಯ ಜಾತ್ರೆಯಲ್ಲಿ ಆ ದನಿಗೆ ಹೆದರಿ ಅವ್ವನ ಸೆರಗಿನೊಳಗೆ ಸೇರಿಕೊಂಡಿದ್ದೆ. ಈಗ ಜಗಲಿಯಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಎರಡು ಕಡೆ ನಿಲ್ಲುತ್ತಾರೆ.

ನಾನಿದ್ದಾಗಲೇ ಅವರ ತಮ್ಮನ ಮಗ ವೃಷಭೇಂದ್ರ ಬಂದ. ಫೆಬ್ರವರಿ ಹತ್ತಕ್ಕೆ ಅವನ ಹೊಸ ಮನೆ ಗೃಹಪ್ರವೇಶ. ಅಲ್ಲಿ ಒಡಪು ಆಗಲೇಬೇಕು.

“ದೊಡ್ಡಪ್ಪ, ನೀನು ಸುಮ್ನ ಕೂತ್ಕ. ಒಡಪ ಮೊಬೈಲಲ್ಲಿ ಆಕ್ಬುಡ್ತೀನಿ. ಸ್ಪೀಕರ್ ಅದ.”

“ನಾ ಸತ್ಮ್ಯಾಲ ಆಕು,” ಅಂದರು. ಅಷ್ಟು ಹೇಳುವುದಕ್ಕೇ ಏದುಸಿರು. ಆಮೇಲೆ ಗೋಡೆ ಕಡೆ ತಿರುಗಿಕೊಂಡರು.

ಅವರ ಸೊಸೆ ಶ್ವೇತ ಕಾಫಿ ತಂದುಕೊಟ್ಟಳು, ಜಗಲಿಗೆ. ಈ ಮನೆಯಲ್ಲಿ ನನ್ನ ಜಾಗ ಜಗಲಿ. ಯಾರೂ ಹಾಗಂತ ಹೇಳಿಲ್ಲ. ನಾನೂ ಕೇಳಿಲ್ಲ.

ನವೆಂಬರ್ 19, ಬೆಳಿಗ್ಗೆ 8.30

ಹಿಡಿದೆ ಕಳ್ಳನನ್ನು! ಏಳು ಗಂಟೆಗೇ ಹೋದೆ, ಹೇಳದೆ ಕೇಳದೆ. ಲಿಂಗಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಇಟ್ಟುಕೊಂಡು ಹೊರಗೆ ಬಂದರು. ಜೇಬಿನಿಂದ ಕಂದು ಪಂಪು ತೆಗೆದರು. ತಲೆ ಹಿಂದಕ್ಕೆ ಬಾಗಿಸಿದರು, ಬಾಯಿ ತೆರೆದರು, ಪಂಪನ್ನು ಗೇಣು ಮೇಲೆ ಹಿಡಿದು ಒತ್ತಿದರು. ಚೊಂಬಿನ ನೀರು ಎತ್ತಿ ಕುಡಿಯುವ ಹಾಗೆ! ಮದ್ದೆಲ್ಲ ಮೂಗಿನ ಮೇಲೆ, ಮೀಸೆಯ ಮೇಲೆ.

ನಾಲ್ಕು ತಿಂಗಳ ಮದ್ದು. ಮೀಸೆಗೆ.

ನಕ್ಕುಬಿಟ್ಟೆ. ನಗಬಾರದಿತ್ತು.

“ನಗ್ತೀಯಾ? ಬಾಯ್ಗ ಕಚ್ಕಂಡ್ರ ಎಂಜ್ಲಾಗಲ್ವಾ? ಆ ಎಂಜ್ಲ ತಂದು ಎದ ಮ್ಯಾಲಿನ ಜೇಬ್ಗ ಆಕಳನಾ? ಲಿಂಗ ಎಲ್ಲದ ಗೊತ್ತಾ ನಿಂಗ?”

ಎದೆಯ ಮೇಲೆ ಬೆಳ್ಳಿ ಕರಡಿಗೆ. ಅದರೊಳಗೆ ಲಿಂಗ. ಪಕ್ಕದಲ್ಲೇ ಜೇಬು. ತಕ್ಷಣ ಕೈಗೆ ಸಿಗಲಿ, ಜೇಬಿನಲ್ಲೇ ಇಟ್ಟುಕೊಳ್ಳಿ ಅಂತ ಹೇಳಿದ್ದವಳು ನಾನೇ.

“ನಾಳಿಂದ ಬರ್ಬೇಡ ನೀನು,” ಅಂದು ಒಳಗೆ ಹೋದರು.

ನವೆಂಬರ್ 23

ನಾಲ್ಕು ದಿನ ಅದೇ ಯೋಚನೆ. ತಪ್ಪು ಅವರದಲ್ಲ. ನಾಲ್ಕು ತಿಂಗಳು ‘ತಗೊಂಡ್ರಾ?’ ಅಂತ ಕೇಳಿ ಟಿಕ್ ಹಾಕಿದ್ದೇನೆ. ಒಂದು ದಿನವೂ ‘ತೋರಿಸಿ’ ಅಂದಿಲ್ಲ. ಕೈಬರಹ ಚೆನ್ನಾಗಿದೆ ಅಂತ ಮೇಲಿನವರು ನನ್ನ ರಿಜಿಸ್ಟರನ್ನು ಹೊಗಳುತ್ತಾರೆ ಬೇರೆ. ಥೂ.

ಹೋದೆ. ಜಗಲಿಯಲ್ಲಿ ಕೂತು ತಪ್ಪಾಯ್ತು ಅಂದೆ. ಒಳಗಿಂದ ಅವರ ಹೆಂಡತಿ ಬಂಗಾರಮ್ಮನ ದನಿ ಬಂತು.

“ಎಲ ಅಡ್ಕ ಚೀಲ ಸೊಂಟಕ್ಕಲ್ವಾ ಕಟ್ಕತಿದ್ದದು? ಈ ಪಂಪ್ನೂ ಅಂಗೇ ಕಟ್ಕಂಡ್ರಾಯ್ತು. ಎದಗ ದೂರ. ತಗಂಡ್ಮ್ಯಾಲ ಬಾಯಿ ತೊಳ್ಕಳದು. ಇದ್ಕಿಷ್ಟು ರಂಪ!”

ಬಂಗಾರಮ್ಮನ ಕಾಲಿಗೆ ಬೀಳಬೇಕು ಅನ್ನಿಸಿತು. ಕಂದು ಪಂಪಿನ ಮದ್ದು ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಲೇಬೇಕು, ಡಾಕ್ಟರೂ ಅದನ್ನೇ ಹೇಳುವುದು. ಮಡಿಗೂ ಆಯಿತು, ಬಾಯಿಹುಣ್ಣೂ ಆಗುವುದಿಲ್ಲ. ಅಯ್ಯ ಜೇಬಿನಿಂದ ಪಂಪು ತೆಗೆದು ಜಗಲಿಯ ಮೇಲಿಟ್ಟರು. “ಚೀಲ ಒಲ್ಕೊಡು,” ಅಂದರು ಹೆಂಡತಿಗೆ.

ಡಿಸೆಂಬರ್ 2

ಪಾಠ. ಉಸಿರೆಲ್ಲ ಹೊರಗೆ ಬಿಡಿ, ತುಟಿ ಬಿಗಿ ಮಾಡಿ, ಒಂದು ಸಲ ಒತ್ತಿ, ನಿಧಾನ ಒಳಗೆಳೆದುಕೊಳ್ಳಿ, ಹತ್ತು ಎಣಿಸುವವರೆಗೆ ಹಿಡಿದುಕೊಳ್ಳಿ...

“ಉಸ್ರು ಇಡಿಯಾದ ನಂಗ ನೀ ಯೇಳ್ಕೊಡ್ತೀಯಾ, ಉಡ್ಗಿ?”

“ಹಿಡೀರಿ ನೋಡಾಣ.”

ಐದಕ್ಕೇ ಕೆಮ್ಮು. ಕಣ್ಣು ಕೆಂಪಾಯಿತು. ನನ್ನ ಮೇಲಲ್ಲ ಆ ಸಿಟ್ಟು, ತಮ್ಮ ಎದೆಯ ಮೇಲೆ. ಎರಡನೇ ಸಲಕ್ಕೆ ಏಳು. “ನಾಳಿಕ್ಕ ಬಾ,” ಅಂದರು. ಬರಬೇಡ ಅಂದಿದ್ದ ಬಾಯಿಂದಲೇ!

ಡಿಸೆಂಬರ್ 21

ಹತ್ತು! ಹತ್ತು ಎಣಿಸಿ, ಹನ್ನೊಂದನೆಯದನ್ನು ನನ್ನನ್ನು ಅಣಕಿಸುವುದಕ್ಕೆ ಸೇರಿಸಿದರು. ಈ ಚಳಿಯಲ್ಲಿ, ಈ ಮಂಜಿನಲ್ಲಿ ಬೀದಿಯ ಕೊನೆಯ ಹುಣಸೆಮರದವರೆಗೆ ನಿಲ್ಲದೆ ನಡೆದರಂತೆ. ನೀಲಿ ಪಂಪು ವಾರಕ್ಕೊಮ್ಮೆ ಬೇಕಾದರೆ ಹೆಚ್ಚು. ತಾಳಮಲೆಗೆ ಫೋನ್ ಮಾಡಿ ಅವ್ವನ ಹತ್ತಿರ ಅರ್ಧ ಗಂಟೆ ಕೊಚ್ಚಿಕೊಂಡೆ. “ಸಾಕು ಬುಡು, ನೀನೇ ಡಾಕ್ಟ್ರು,” ಅಂದಳು ಅವ್ವ.

ಜನವರಿ 17

ಕೊಚ್ಚಿಕೊಂಡಿದ್ದಕ್ಕೆ ಸರಿಯಾಗಿ ಆಯಿತು.

ಜನವರಿ 3ಕ್ಕೆ ಹೊಸ ಕಂದು ಪಂಪು ಕೊಟ್ಟಿದ್ದೆ. ಹಬ್ಬ, ಬೇರೆ ಊರಿನ ಡ್ಯೂಟಿ — ಎರಡು ವಾರ ಹೋಗಲಾಗಲಿಲ್ಲ. ಪಂಪಿನ ಹಿಂದೆ ಎಷ್ಟು ಉಳಿದಿದೆ ಅಂತ ನಂಬರ್ ತೋರಿಸುತ್ತದೆ. ಹೊಸದರಲ್ಲಿ 120. ದಿನಕ್ಕೆ ನಾಲ್ಕು, ಬೆಳಿಗ್ಗೆ ಎರಡು ಸಂಜೆ ಎರಡು. ಇವತ್ತಿಗೆ 64 ಇರಬೇಕು. ಇದ್ದದ್ದು 112.

ಅಯ್ಯ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಎದೆಯಲ್ಲಿ ಮತ್ತೆ ಸಿಳ್ಳೆ. ಶ್ವೇತ ಕಣ್ಣಲ್ಲೇ ಹೇಳಿದಳು, ಹೀಗೇ ಒಂದು ವಾರದಿಂದ ಅಂತ.

“ಯಾಕಯ್ಯ ಬಿಟ್ರಿ?”

“ಬುಟ್ಟಿಲ್ಲ ಕಣವ್ವ. ಉಳ್ಸಿವ್ನಿ. ಅವತ್ತಿನ ದಿನಕ್ಕ ಜೋರಾಗಿ ಒಂದು ಇಪ್ಪತ್ತು ಸಲ ಎಳ್ಕಂಡ್ರ, ಒಡಪ್ಗ ಉಸ್ರು ಸಾಲ್ತದಲ್ವಾ?”

ಕೂಗಾಡಿದೆ. ಬೀದಿಗೆಲ್ಲ ಕೇಳಿಸಿರಬೇಕು. ಕೂಗಿ ಕೂಗಿ ಸುಸ್ತಾದ ಮೇಲೆ ತಣ್ಣಗೆ ಕೇಳಿದೆ: “ಅಯ್ಯ, ಒಡಪು ಹೆಂಗೆ ಕಲಿತ್ರಿ? ದಿನಾ ಹೇಳಿ ಕಲಿತ್ರೋ, ಹೇಳದೆ ಉಳಿಸಿಟ್ಟು ಅವತ್ತೊಂದೇ ದಿನ ಇಪ್ಪತ್ತು ಸಲ ಹೇಳಿ ಕಲಿತ್ರೋ?”

ಅಯ್ಯ ಸೊಂಟದ ಚೀಲಕ್ಕೆ ಕೈ ಹಾಕಿ ಕಂದು ಪಂಪು ತೆಗೆದರು.

ಎದ್ದು ಬಂದೆ. ಗೃಹಪ್ರವೇಶಕ್ಕೆ ಇನ್ನು ಇಪ್ಪತ್ತನಾಲ್ಕು ದಿನ. ಆಗುವುದಿಲ್ಲ ಅನ್ನಿಸುತ್ತಿದೆ. ಆ ಮೊಬೈಲೇ ಗೆಲ್ಲುತ್ತದೇನೋ.

ಜನವರಿ 29, ಬೆಳಿಗ್ಗೆ

ಜಗಲಿಯಲ್ಲಿ ನನಗೆ ಜಾಗವೇ ಇಲ್ಲ! ಬೀರಯ್ಯ, ಚಿಕ್ಕಮ್ಮನೆಂಬ ಅಜ್ಜಿ, ಕೆಳಬೀದಿಯ ಮುರುಗನ್ — ಮೂವರೂ ದಮ್ಮಿನವರು, ಮೂವರೂ ಪಂಪನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟವರು. ಸಾಲಾಗಿ ಕೂತಿದ್ದಾರೆ. ಅಯ್ಯನ ಕೈಯಲ್ಲಿ ಬೆತ್ತ.

“ಲೇ ಬೀರಯ್ಯ, ತುಟಿ ಮುಚ್ಚ್ಲಾ! ಗಾಳಿ ಓಯ್ತಾ ಅದ. ಮುರುಗಾ, ನೀ ಅವ್ಸರ ಪಟ್ರ ಮದ್ದು ಗಂಟ್ಲಲ್ಲೇ ಕೂತ್ಕತದ. ಮೆಲ್ಲಕ ಎಳಿ, ಮೆಲ್ಲಕ.”

ಪಾಪ ಮುರುಗನ್ ಎಪ್ಪತ್ತರ ವಯಸ್ಸಿನಲ್ಲಿ ಶಾಲೆಯ ಮಗುವಿನ ಹಾಗೆ ‘ಸರಿಂಗಯ್ಯ’ ಅಂತ ತಮಿಳಿನಲ್ಲೇ ಒಪ್ಪಿಕೊಳ್ಳುತ್ತಿದ್ದಾನೆ. ನಾನು ಹತ್ತು ಸಲ ಹೇಳಿದರೂ ಕೇಳದವರು ಅಯ್ಯನ ಒಂದು ಗದರಿಕೆಗೆ ಕೇಳಿದರು. ಸ್ವಲ್ಪ ಹೊಟ್ಟೆಕಿಚ್ಚಾಯಿತು. ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು. ನಂಬರ್ ನೋಡಿದೆ. 64. ಹನ್ನೆರಡು ದಿನಕ್ಕೆ ಸರಿಯಾಗಿ ನಲವತ್ತೆಂಟು. ಒಂದೂ ತಪ್ಪಿಲ್ಲ.

ಫೆಬ್ರವರಿ 9, ಭಾನುವಾರ

ಡಾಕ್ಟರ್ ಹೇಳಿದ್ದು: ಕುಣಿಯಬಾರದು. ನಿಂತು ಹೇಳಬಹುದು. ಉಸಿರು ಕಟ್ಟಿದರೆ ತಕ್ಷಣ ನೀಲಿ ಪಂಪು.

ಹೇಳಿದೆ. ಅಯ್ಯ ತಲೆ ಅಲ್ಲಾಡಿಸಿದರು.

“ವೇಷ ಆಕಂಡು, ಕತ್ತಿ ಇಡ್ಕಂಡು, ಅಷ್ಟು ಜನದ ಮುಂದ ಪಂಪ್ ತಗದನಾ? ವೀರಭದ್ರ ದಮ್ಮು ಬಂದು ಕೂತ ಅಂತ ನಗಾಡ್ತಾರ. ಅದ್ಕಿಂತ ಬಿದ್ದು ಸತ್ರ ವಾಸಿ.”

“ಹಂಗಾದ್ರೆ ಹೇಳಲೇಬೇಡಿ.”

“ಯೇಳ್ತೀನಿ.”

ವಾದ ಮಾಡಲಿಲ್ಲ. ಭಯವಾಗುತ್ತಿದೆ. ಅವರಿಗೆ ಏನಾದರೂ ಆದರೆ, ಹುರಿದುಂಬಿಸಿದವಳು ನಾನು.

ಫೆಬ್ರವರಿ 10, ಸಂಜೆ 5

ಹೇಳಿದರು. ಪೂರ್ತಿ. ಒಂದೇ ಉಸಿರಿಗೆ. ಮೊದಲು ಅದನ್ನು ಬರೆದುಬಿಡುತ್ತೇನೆ.

ವೃಷಭೇಂದ್ರನ ಹೊಸ ಮನೆಯ ಅಂಗಳ. ಮುನ್ನೂರು ಜನರಿರಬೇಕು. ನಾನು ಹಿಂದೆ, ಕಾಂಪೌಂಡಿನ ಪಕ್ಕ. ಕರಡೆ ವಾದ್ಯದ ಬಡಿತ ನಿಂತಿತು. ಒಡಪಿಗೆ ಮೊದಲು ಕಲಿಸಿದವರ ಹೆಸರು ಹೇಳಿ ಶರಣು ಮಾಡುವುದು ಇವರ ಮನೆತನದ ರೂಢಿ. ತಂದೆಯ ಹೆಸರು ಹೇಳಿದರು, ಗುರುವಿನ ಹೆಸರು ಹೇಳಿದರು, ಕತ್ತಿ ಎತ್ತಿ ಶುರು ಮಾಡಿದರು. ಅದೇ ದನಿ!

ಮೂರನೇ ಸಾಲಿಗೆ ದನಿ ಒಡೆಯಿತು. ಕೆಮ್ಮು. ಬಗ್ಗಿದರು. ಯಾರೋ ಕುರ್ಚಿ ತಂದರು. ವೃಷಭೇಂದ್ರ ಜೇಬಿನಿಂದ ಮೊಬೈಲ್ ತೆಗೆದ. ನಾನು ಜನರನ್ನು ತಳ್ಳಿಕೊಂಡು ಮುಂದೆ ಬರುತ್ತಿದ್ದೆ. ಅಯ್ಯ ಕೈಯೆತ್ತಿ ಎಲ್ಲರನ್ನೂ ತಡೆದರು. ನನ್ನನ್ನೂ.

ಕುರ್ಚಿಯಲ್ಲಿ ಕೂತು ಕತ್ತಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಸೊಂಟದ ಕೆಂಪು ಬಟ್ಟೆ ಸರಿಸಿ ನೀಲಿ ಪಂಪು ತೆಗೆದರು. ಮುನ್ನೂರು ಜನದ ಮುಂದೆ. ಕುಲುಕಿದರು. ಉಸಿರೆಲ್ಲ ಹೊರಗೆ ಬಿಟ್ಟರು. ತುಟಿ ಬಿಗಿ. ಒತ್ತಿದರು. ನಿಧಾನ ಎಳೆದು ಹಿಡಿದರು. ಯಾರೂ ನಗಲಿಲ್ಲ. ಒಂದು ನಿಮಿಷ ಬಿಟ್ಟು ಇನ್ನೊಂದು ಸಲ. ಇಷ್ಟು ಸರಿಯಾಗಿ ಟ್ರೈನಿಂಗ್‌ನಲ್ಲಿ ನಾವೂ ಮಾಡಿರಲಿಲ್ಲ.

ಹತ್ತು ನಿಮಿಷ ಕೂತರು. ಇಡೀ ಅಂಗಳ ಕಾಯಿತು. ಕರಡೆಯವರೂ ಮಿಸುಕಲಿಲ್ಲ. ಆಮೇಲೆ ಎದ್ದರು. ಒಡಪು ಮುರಿದರೆ ಮೊದಲಿಂದ ಶುರು ಮಾಡಬೇಕು, ಹೆಸರುಗಳಿಂದಲೇ.

“ಎತ್ತ ಅಪ್ಪ ಚನ್ನಬಸವಯ್ಯಗ ಶರಣು. ಕಲ್ಸ್ಕೊಟ್ಟ ಗುರುಸ್ವಾಮಪ್ಪಗ ಶರಣು.”

ಅಲ್ಲಿಗೆ ನಿಲ್ಲಿಸಿದರು. ಮತ್ತೆ ಉಸಿರು ಕಟ್ಟಿತೇನೋ ಅಂತ ನನ್ನ ಜೀವ ಹೋಯಿತು. ಕತ್ತಿಯ ತುದಿ ಮೆಲ್ಲಗೆ ನನ್ನ ಕಡೆ ತಿರುಗಿತು.

“ನಿಂತೋದ ಉಸ್ರ ತಿರ್ಗ ಕಲ್ಸ್ದ, ತಾಳಮಲ ತಿಮ್ಮಮ್ಮನ ಮಗ್ಳು ಸುನೀತವ್ವಗ ಶರಣು!”

ಆಮೇಲೆ ಒಡಪು. ಒಂದು ಕಡೆಯೂ ತಡೆಯಲಿಲ್ಲ.

ಊಟಕ್ಕೆ ಬಂಗಾರಮ್ಮ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡರು. ಏನು ಬಡಿಸಿದರು, ಏನು ತಿಂದೆ, ನೆನಪಿಲ್ಲ.

ಮನೆಗೆ ಬಂದ ತಕ್ಷಣ ಅವ್ವನಿಗೆ ಫೋನ್ ಮಾಡಿದೆ. ಯಾಕೆ ಅಳ್ತಿದ್ದೀಯ ಅಂತ ಗಾಬರಿಯಾದಳು. ಅವ್ವಾ, ಇವತ್ತು ಅಯ್ಯ ಗುರುಗಳ ಹೆಸರು ಹೇಳುವಾಗ ನಿನ್ನ ಹೆಸರು ಹೇಳಿ, ಆಮೇಲೆ ನನ್ನ ಹೆಸರು ಹೇಳಿ ಶರಣು ಅಂದರು, ಅಂದೆ.