ತೊಟ್ಟಿಲ ಗುರುತು

ಮಸ್ಕಿ
ಸೋಮವಾರ, ೧೨-೩-೧೯೬೨

ನನ್ನ ಯಜಮಾನರ ಪಾದಗಳಿಗೆ ಶೇಖರಮ್ಮನ ಶರಣಾರ್ಥಿಗಳು.

ಇಷ್ಟು ದಿನ ಬರೆಯಲಿಲ್ಲವೆಂದು ಬೇಸರಿಸಬೇಡಿ. ಎಲ್ಲಿಗೆ ಬರೆಯಬೇಕೆಂಬುದೇ ತಿಳಿದಿರಲಿಲ್ಲ. ಮತಗಳ ಎಣಿಕೆ ಮುಗಿದ ಮೇಲೆ ರಾಯಚೂರಿನಿಂದ ನೀವು ಮನೆಗೆ ಬರುತ್ತೀರೆಂದು ಅಡಿಗೆ ಮಾಡಿಕೊಂಡು ಕೂತಿದ್ದೆ. ಮೊನ್ನೆ ಶನಿವಾರ ಲಿಂಗಸುಗೂರು ಬಸ್ಸಿನ ಕಂಡಕ್ಟರ್, ನಿಮ್ಮನ್ನು ಹಟ್ಟಿಯಲ್ಲಿ ಇಸ್ಮಾಯಿಲ್‌ಸಾಬ್ ಅಣ್ಣನವರ ಗಣಿ ಕ್ವಾರ್ಟರ್ಸಿನ ಕಟ್ಟೆಯ ಮೇಲೆ ನೋಡಿದೆನೆಂದು ಹೇಳಿದ. ಗಡ್ಡ ಬಿಟ್ಟಿದ್ದೀರಂತೆ. ಜೀವದಿಂದ ಇದ್ದೀರಲ್ಲ ಎಂದು ಒಳಗೆ ಹೋಗಿ ದೇವರಿಗೆ ಕೈಮುಗಿದೆ. ಲಕೋಟೆಯ ಮೇಲೆ ನಿಮ್ಮ ಹೆಸರನ್ನು ನಾನು ಬರೆಯಲಾರೆನೆಂದು ಅಂಗಡಿಯ ವೆಂಕೋಬನಿಂದ ಬರೆಸಿದ್ದೇನೆ. ಇದರ ಸಂಗಡ ಎರಡು ಧೋತರ, ಒಂದು ಡಬ್ಬಿ ಶೇಂಗಾ ಚಟ್ನಿ ಕಳಿಸಿದ್ದೇನೆ. ಉಟ್ಟ ಬಟ್ಟೆಯಲ್ಲೇ ಹೋದಿರಿ.

ಅಂಗಡಿಯ ಚಿಂತೆ ಬೇಡ. ವೆಂಕೋಬ ಬಾಗಿಲು ತೆಗೆಯುತ್ತಾನೆ, ಬಟ್ಟೆ ಅಳೆಯುತ್ತಾನೆ. ಗಿರಾಕಿಗಳು ಕಡಿಮೆ. ಬಂದವರೂ ಚುನಾವಣೆಯದೇ ಮಾತು ಎತ್ತುತ್ತಾರೆ. ನಿನ್ನೆ ಪಕ್ಕದ ಮನೆಯ ಯಮನಮ್ಮ ಕುಬುಸದ ಕಣ ಕೊಳ್ಳುವ ನೆವದಲ್ಲಿ ಬಂದು, ನನಗೆ ಕೇಳಲೆಂದೇ, "ತೊಟ್ಟಿಲ ತೂಗಾಕ ಬರಲಾರದವ್ರು ಅದನ್ನ ಗುರುತು ಇಟ್ಕೊಂಡು ನಿಂತ್ರ ಇನ್ನೇನ್ ಆಕೈತಿ?" ಎಂದಳು. ವೆಂಕೋಬ ಗಜಕಡ್ಡಿ ಕೆಳಗಿಟ್ಟ. ನಾನೇ ಸುಮ್ಮನಿರೆಂದು ಸನ್ನೆ ಮಾಡಿದೆ. ಗುರುತು ನಾವು ಬೇಡಿ ತಂದದ್ದಲ್ಲ, ಕಚೇರಿಯವರು ಪಕ್ಷೇತರರಿಗೆ ಹಂಚಿದಾಗ ಬಂದದ್ದು ಎಂದು ಆಕೆಗೆ ಹೇಳಿ ಏನು ಪ್ರಯೋಜನ?

ಇದನ್ನೆಲ್ಲ ನಾನು ತಾಳಿಕೊಂಡೇನು. ನಾನು ಬರೆಯುತ್ತಿರುವುದು ನಿಮ್ಮ ಹುಟ್ಟೂರಿನ ಸಲುವಾಗಿ. ದಯಮಾಡಿ ಕೊನೆಯವರೆಗೂ ಓದಿರಿ.

ಪಾಮನಕಲ್ಲೂರು ದಾಟಿದ ಮೇಲೆ ಕಾಲುವೆಯ ಮಾತೆಂದರೆ ಆ ಊರ ಜನಕ್ಕೆ ಎಷ್ಟು ಆಸೆಯೆಂದು ನಿಮಗೆ ಗೊತ್ತು. ಸಿಂಧನೂರು ಕಡೆ ನೀರು ಹರಿದು ಭತ್ತ ಬೆಳೆಯುತ್ತಿದೆ, ನಮ್ಮ ಏರು ನೆಲಕ್ಕೆ ಮಾತ್ರ ಇಲ್ಲ. ವಿಧಾನಸಭೆಯಲ್ಲಿ ಎದ್ದು ನಿಂತು ಈ ಕಡೆಗೂ ನೀರು ಕೇಳುತ್ತೇನೆಂದು ನೀವು ಹೇಳಿದ್ದನ್ನು ಅವರು ನಂಬಿದರು. ತಮ್ಮ ಬಂಡಿ ಕಟ್ಟಿ, ತಮ್ಮ ಬುತ್ತಿ ಉಂಡು ಊರೂರು ಸುತ್ತಿದರು. ಸೋಲು ಇನ್ನೂರು ಚಿಲ್ಲರೆ ಮತಗಳಿಂದ ಎಂದು ತಿಳಿದಾಗ ಗಂಡಸರು ಕಟ್ಟೆಯ ಮೇಲೆ ಕೂತು ಅತ್ತರಂತೆ. ಆಮೇಲೆ ಲೆಕ್ಕ ಹಾಕಿದರು. ಊರಿನ ಗಂಡಸರ ಪೆಟ್ಟಿಗೆಯಲ್ಲಿ ಎಲ್ಲ ಮತಗಳೂ ನಿಮ್ಮವು. ಹೆಂಗಸರ ಪೆಟ್ಟಿಗೆಯಲ್ಲಿ ಬಹಳ ಕಡಿಮೆ.

ಓಟಿನ ಹಿಂದಿನ ದಿನ ಎದುರು ಪಾರ್ಟಿಯ ಜೀಪು ಕುರಿಗಾರರ ಓಣಿಯಲ್ಲಿ ನಿಂತಿತ್ತಂತೆ. ಅಷ್ಟೇ ಸಾಕಾಯಿತು. ಆ ಓಣಿಯ ಹೆಂಗಸರು ಸೀರೆ ಈಸಿಕೊಂಡು ಓಟು ಮಾರಿದರೆಂದು ಊರೇ ತೀರ್ಮಾನಿಸಿತು. ಸಿಹಿನೀರ ಬಾವಿಯ ಹಗ್ಗ ತೆಗೆದಿಟ್ಟಿದ್ದಾರೆ. ಆ ಹೆಂಗಸರು ಹಳ್ಳದಲ್ಲಿ ಒರತೆ ತೋಡಿ ನೀರು ತರುತ್ತಿದ್ದಾರೆ. ಯಾರೂ ಕೂಲಿಗೆ ಕರೆಯುತ್ತಿಲ್ಲ. ಬರುವ ಶುಕ್ರವಾರ ಅವರೆಲ್ಲ ಹಸಿ ಸೀರೆಯುಟ್ಟು ಹನುಮಪ್ಪನ ಗುಡಿಯ ಮುಂದೆ ಅಂಗೈಯಲ್ಲಿ ಕರ್ಪೂರ ಹಚ್ಚಿಕೊಂಡು ಆಣೆ ಮಾಡಬೇಕಂತೆ. ಕೈ ಹಿಂತೆಗೆದವಳ ಮನೆಯವರು ಊರು ಬಿಡಬೇಕಂತೆ. ಮೊದಲು ನಿಲ್ಲಬೇಕಾದವಳು ಗ್ಯಾನಮ್ಮ, ಸೂಲಗಿತ್ತಿ ಗ್ಯಾನಮ್ಮ. ಆ ವಯಸ್ಸಿನಲ್ಲಿ ಅವಳ ಅಂಗೈ ಆ ಉರಿಯನ್ನು ಹೇಗೆ ತಾಳೀತು?

ಇದನ್ನು ಕೇಳಿದ ಮೇಲೆ ವೆಂಕೋಬ ಉಣ್ಣಲಿಲ್ಲ. ಅವನೂ ಆ ಓಣಿಯವನಲ್ಲವೇ? ಕೊನೆಗೆ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು, "ಅಕ್ಕಾರ, ಸಾವ್ಕಾರ್ರು ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ಕೈ ಹಿಡಿದು ಹೇಳ್ಯಾರ. ಇನ್ನ ನನ್ನ ಕೈಲಿ ಆಗಾಂಗಿಲ್ಲ" ಎಂದು ಎಲ್ಲವನ್ನೂ ಹೇಳಿದ. ನಿಮ್ಮ ಏಜೆಂಟನಾಗಿ ಎಣಿಕೆಯ ಮೇಜಿನ ಎದುರು ನಿಮ್ಮ ಪಕ್ಕದಲ್ಲೇ ಕೂತವನು ಅವನು.

ಆ ಹೆಂಗಸರ ಪೆಟ್ಟಿಗೆಯ ಚೀಟಿಗಳಲ್ಲಿ ತೊಟ್ಟಿಲ ಚಿತ್ರದ ಮೇಲೆ ಶಿಕ್ಕಾದ ಮುದ್ರೆ ಇರಲಿಲ್ಲ, ಬೆರಳಿನ ಮಸಿ ಇತ್ತು. ಒಂದರ ಮೇಲೊಂದು ಅಂಥವೇ ಬಂದವು. ಅಧಿಕಾರಿ ಅವನ್ನೆಲ್ಲ ಕುಲಗೆಟ್ಟ ಮತಗಳೆಂದು ಲೆಕ್ಕಕ್ಕೆ ಹಿಡಿಯದೆ ಬೇರೆ ಕಟ್ಟು ಕಟ್ಟಿದರು. ಆ ಕಟ್ಟು ನಿಮ್ಮ ಸೋಲಿನ ಅಂತರಕ್ಕಿಂತ ದೊಡ್ಡದಿತ್ತು.

ಹಿಂದಿನ ಚುನಾವಣೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ ಇತ್ತು, ಚೀಟಿ ಹಾಕಿ ಬಂದರೆ ಮುಗಿಯುತ್ತಿತ್ತು. ಈ ಸಲ ರಬ್ಬರಿನ ಶಿಕ್ಕಾ ಹೊಡೆಯುವ ಹೊಸ ಪದ್ಧತಿ. ಉಳಿದ ಪಾರ್ಟಿಯವರೆಲ್ಲ "ಶಿಕ್ಕಾ ಹೊಡೀರಿ" ಎಂದು ಕೂಗಿಕೊಂಡು ಹೋದರು. ನೀವೊಬ್ಬರೇ "ತೊಟ್ಟಿಲ ಮ್ಯಾಲ ಒತ್ತ್ರಿ" ಎಂದಿರಿ. ಸರಕಾರಿ ಕಾಗದದ ಮೇಲೆ ಒತ್ತುವುದೆಂದರೆ ಆ ಹೆಂಗಸರಿಗೆ ಹೆಬ್ಬೆಟ್ಟು ಒಂದೇ ಗೊತ್ತು. ಬಾಗಿಲಲ್ಲಿಯೇ ಬೆರಳಿಗೆ ಮಸಿಯನ್ನೂ ಹಚ್ಚಿ ಒಳಗೆ ಬಿಟ್ಟರು. ಹೀಗಾದೀತೆಂದು ವೆಂಕೋಬ ಆಗಲೇ ನಿಮಗೆ ಹೇಳಿದ್ದನಂತೆ. ನೀವು ಎಂದೂ ಇಲ್ಲದ ಸಿಟ್ಟಿನಿಂದ "ನಾ ಹೇಳಿದಂಗ ಹೇಳು" ಎಂದು ಬೈದಿರಂತೆ.

ಮರುದಿನವೇ ನಾನು ಬಂಡಿ ಕಟ್ಟಿಸಿಕೊಂಡು ಊರಿಗೆ ಹೋದೆ. ಊರಿಗೆ ಹಿರಿಯರಾದ ಹಂಪಣ್ಣ ಭಾವನವರನ್ನು ಬಾಗಿಲ ಮರೆಯಲ್ಲಿ ನಿಂತು ಮಾತಾಡಿಸಿದೆ. ಅವರು ಎಲೆ ಮಡಚುತ್ತಾ ಎಲ್ಲವನ್ನೂ ಕೇಳಿದರು. ಆಮೇಲೆ ಹೇಳಿದರು:

"ತಂಗಿ, ವೆಂಕೋಬ ಆ ಓಣ್ಯಾವ. ತನ್ನ ಮಂದೀನ ಉಳಿಸ್ಕೊಳ್ಳಾಕ ಕತಿ ಕಟ್ಟ್ಯಾನ. ನೀ ನಂಬೀದಿ. ನನ್ನ ತಮ್ಮ ಬಂದು ಕಣ್ಣಾರ ಕಂಡೀನಿ ಅನ್ಲಿ. ಬಾವಿಗೆ ಹಗ್ಗ ನಾನ ಬಿಡ್ತೀನಿ."

ಅವರ ಕಣ್ಣಲ್ಲಿ ನೀರಿತ್ತು. ತಮ್ಮ ಸೋತದ್ದಕ್ಕೋ, ಸೋತ ತಮ್ಮ ಓಡಿಹೋದದ್ದಕ್ಕೋ ತಿಳಿಯಲಿಲ್ಲ.

ನೀವು ಬಂದು ಒಂದು ಮಾತು ಹೇಳಬೇಕು. ಬೇರೆ ಯಾರು ಹೇಳಿದರೂ ನಡೆಯುವುದಿಲ್ಲ. ಸೋತ ಮುಖ ಹೇಗೆ ತೋರಿಸಲೆಂದು ನೀವು ಅಲ್ಲಿ ಕೂತಿದ್ದರೆ, ನಿಮ್ಮ ಮುಖ ಯಾರೂ ನೋಡುತ್ತಿಲ್ಲ, ಎಲ್ಲರ ಕಣ್ಣೂ ಆ ಹೆಂಗಸರ ಅಂಗೈ ಮೇಲಿದೆ. ಶುಕ್ರವಾರ ಹೊತ್ತೇರುವುದರೊಳಗೆ ಬನ್ನಿ. ಹಟ್ಟಿಯಿಂದ ಬಸ್ಸು ಸಿಗದಿದ್ದರೆ ಇಸ್ಮಾಯಿಲ್‌ಸಾಬ್ ಅಣ್ಣನವರು ಗಣಿಯ ಲಾರಿಯಲ್ಲಾದರೂ ಕೂರಿಸಿ ಕಳಿಸಲಿ. ಅವರಿಗೂ ಅತ್ತಿಗೆಯವರಿಗೂ ನನ್ನ ಸಲಾಂ ಹೇಳಿ.

ನೀವು ಬರದಿದ್ದರೆ ನಾನೂ ಹಸಿ ಸೀರೆಯುಟ್ಟು ಆ ಸಾಲಿನಲ್ಲಿ ನಿಲ್ಲುತ್ತೇನೆ. ಹೆದರಿಸಲೆಂದು ಬರೆದ ಮಾತಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣಿರಿ. ದೇವರು ನಿಮ್ಮನ್ನು ನನಗೂ ಊರಿಗೂ ಉಳಿಸಿಕೊಡಲಿ.

ನಿಮ್ಮ
ಶೇಖರಮ್ಮ

ತಾ.ಕ.: ಲಕೋಟೆ ಅಂಟಿಸುವ ಮುನ್ನ ಇದನ್ನೂ ಬರೆಯುತ್ತೇನೆ. ನೀವು ಮಾತು ಬದಲಿಸಿದ್ದು ಯಾಕೆಂದು ವೆಂಕೋಬನಿಗೆ ಗೊತ್ತಿಲ್ಲ, ನನಗೆ ಗೊತ್ತು. ಮಸ್ಕಿಯ ಸಂತೆಯಲ್ಲಿ ಮೊದಲ ಭಾಷಣ ಮಾಡಿದ ದಿನ ನೀವೂ "ತೊಟ್ಟಿಲಿಗೆ ಹೊಡೀರಿ" ಎಂದಿರಿ. ಆ ಮಾತು ಕೇಳಲಾರದೆ ನಾನು ಹೆಂಗಸರ ನಡುವಿನಿಂದ ಎದ್ದು ಹೋದೆ. ಅಟ್ಟದ ಮೇಲಿನ ಆ ತೊಟ್ಟಿಲಿಗೆ ನಮ್ಮ ಕೂಸನ್ನು ಹಾಕುವ ದಿನ ಬರಲೇ ಇಲ್ಲ. ಹೆಸರಿಡುವ ಮೊದಲೇ ಹೋಯಿತು. ಅಂದು ಮನೆಗೆ ಬಂದು ನೀವು ನನ್ನನ್ನು ಏನೂ ಕೇಳಲಿಲ್ಲ. ಮರುದಿನದಿಂದ ಹೊಡೀರಿ ಎನ್ನಲಿಲ್ಲ, ಒತ್ತ್ರಿ ಎಂದಿರಿ. ಇದನ್ನು ಊರ ಮುಂದೆ ಹೇಳಬೇಕಾದೀತೆಂದೇ ನೀವು ಬರುತ್ತಿಲ್ಲ. ಹೇಳಿಬಿಡಿ. ನನಗೆ ನಾಚಿಕೆಯಿಲ್ಲ.

ಊರಿಗೆ ಹೋದಾಗ ಗ್ಯಾನಮ್ಮನನ್ನೂ ಕಂಡೆ. ಆ ಕೂಸನ್ನು ಮೊದಲು ಎತ್ತಿಕೊಂಡವಳು ಅವಳೇ. ಚೀಟಿಗಳು ಕೆಟ್ಟ ಸಂಗತಿ ಅವಳಿಗೆ ಇನ್ನೂ ತಿಳಿದಿಲ್ಲ. ಬೆರಳು ಮುಂದೆ ಹಿಡಿದು ತೋರಿಸಿದಳು. ಉಗುರಿನ ಬುಡದಲ್ಲಿ ಮಸಿ ಇನ್ನೂ ಇತ್ತು.

"ಯವ್ವಾ, ನಾವು ಖರೇನ ನಿನ್ನ ತೊಟ್ಟಿಲಿಗೇ ಇಟ್ಟು ಬಂದೀವಿ. ಬೆರಳಿಗೆ ಕರೇ ಮಸಿ ಹಚ್ಚಿದ್ರು, ಒತ್ತ್ರಿ ಅಂತ ಸಾವ್ಕಾರ್ರು ಹೇಳಿದ್ರು. ತೊಟ್ಟಿಲಿಗೆ ದಿಟ್ಟಿ ಬೊಟ್ಟಲ್ದ ಇನ್ನೇನ್ ಒತ್ತೂದು? ಈ ಸಲಾನರ ನಿನ್ನ ತೊಟ್ಟಿಲು ತುಂಬ್ಲಿ ಅಂತ ಎಲ್ಲಾರೂ ಒಂದೊಂದು ಬೊಟ್ಟು ಇಟ್ಟೀವಿ."

ಆಮೇಲೆ, ಆ ಚೀಟಿಗಳು ಈಗ ಎಲ್ಲಿವೆ ಎಂದು ಕೇಳಿದಳು. ಸರಕಾರದವರು ಬೇರೆಯಾಗಿ ಕಟ್ಟಿ, ಅರಗಿನ ಮೊಹರು ಹಾಕಿ ಜೋಪಾನವಾಗಿ ಇಟ್ಟಿದ್ದಾರೆ ಎಂದೆ. ಅವಳಿಗೆ ಬಹಳ ಸಂತೋಷವಾಯಿತು.